ಸೊನ್ನೆ ರೂಪಾಯಿಗೆ ಮೂರು ಕೊಟೇಶನ್

ನಮ್ಮ ಆಫೀಸಿನಲ್ಲಿ ಇಂಟರ್ನೆಟ್ ಹೋದದ್ದು ಮೊದಲು ಗೊತ್ತಾಗುತ್ತಿದ್ದುದು ಕ್ಯಾಂಟೀನಿನವನಿಗೆ. ಹನ್ನೊಂದೂವರೆಗೆ ಎಲ್ಲರೂ ಒಟ್ಟಿಗೆ ಎದ್ದು ಬಂದರೆ ಪ್ರಾಕ್ಸಿ ಸರ್ವರ್ ಮಲಗಿದೆ ಅಂತಲೇ ಅರ್ಥ. ಹಾಲು ತರಿಸುವ ಲೆಕ್ಕವನ್ನೂ ಅವನು ಅದರ ಮೇಲೆಯೇ ಹಾಕಿದ್ದ.

ಪ್ರಾಕ್ಸಿ ಅಂದರೆ ಗೇಟಿನ ವಾಚ್‌ಮನ್ ಇದ್ದಂತೆ. ಒಳಗಿನವರು ಹೊರಗೆ ಎಲ್ಲಿಗೆ ಹೋಗುತ್ತಾರೆ ಅಂತ ಬರೆದುಕೊಂಡು ಬಿಡಬೇಕು. ನಮ್ಮ ವಾಚ್‌ಮನ್ನಿಗೆ ನಿದ್ದೆ ಜಾಸ್ತಿ. ಲೈಸೆನ್ಸ್ ಬೇರೆ 25 ಜನಕ್ಕೆ, ಆಫೀಸಿನಲ್ಲಿ 40 ಜನ. ಇಪ್ಪತ್ತಾರನೆಯವರು ಮೇಲ್ ನೋಡಬೇಕಾದರೆ "ಯಾರಾದ್ರೂ ಟೀಗೆ ಎದ್ದು ಹೋಗ್ರಪ್ಪಾ" ಅಂತ ಕೂಗಬೇಕಿತ್ತು. ಬೆಟ್ಟಿಂಗ್ ತಡೆಯಲು ಯಾರೋ ಪುಣ್ಯಾತ್ಮರು 'ಬೆಟ್' ಅನ್ನುವ ಮೂರು ಇಂಗ್ಲಿಷ್ ಅಕ್ಷರಗಳನ್ನೇ ನಿಷೇಧಿಸಿದ್ದರು. ಟಿಬೆಟ್‌ನಲ್ಲೂ ಅದೇ ಮೂರು ಅಕ್ಷರ ಅಲ್ವಾ? ಮಕ್ಕಳ ಜೊತೆ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿಗೆ ಹೋಗೋಣ ಅಂತ ದಾರಿ ಹುಡುಕಿದ ಟೈಪಿಸ್ಟ್ ಮೇಡಂ ಜೂಜುಕೋರರ ಪಟ್ಟಿ ಸೇರಿದರು.

ಎಎಂಸಿಯ, ಅಂದರೆ ವಾರ್ಷಿಕ ನಿರ್ವಹಣೆ ಗುತ್ತಿಗೆಯ, ಇಂಜಿನಿಯರ್ ಬಂದು ಮಾಡುತ್ತಿದ್ದುದು ಒಂದೇ ಕೆಲಸ. ಆಫ್ ಮಾಡುವುದು, ಹತ್ತು ಎಣಿಸುವುದು, ಆನ್ ಮಾಡುವುದು. ನಮ್ಮ ಅಟೆಂಡರ್ ಕೂಡ ಹತ್ತರವರೆಗೆ ಎಣಿಸಬಲ್ಲರು, ಆದರೆ ಅವರ ಎಣಿಕೆಗೆ ಬಿಲ್ ಇಲ್ಲ. ಆಯುಧ ಪೂಜೆಗೆ ಆ ಸರ್ವರಿಗೆ ವಿಭೂತಿ, ಕುಂಕುಮ, ಚೆಂಡು ಹೂವಿನ ಹಾರ ಎಲ್ಲ ಆಯಿತು. ಹಾರದ ಎರಡು ಎಸಳನ್ನು ಫ್ಯಾನು ಒಳಗೆಳೆದುಕೊಂಡು ವಾರವಿಡೀ ಗರ್ ಅಂದಿತು. ಪ್ರಸಾದ ಸ್ವೀಕರಿಸಿತು ಅಂತ ಕೆಲವರು ಸಂತೋಷಪಟ್ಟರು.

ನಾನು ತಡೆಯಲಾರದೆ, ಬೀರುವಿನ ಮೇಲೆ ಧೂಳು ತಿನ್ನುತ್ತಿದ್ದ ಹಳೇ ಡೆಸ್ಕ್‌ಟಾಪ್ ಇಳಿಸಿದೆ. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಅದರ ಮೇಲೆ ಸ್ಕ್ವಿಡ್ ಹಾಕಿದೆ. ಸ್ಕ್ವಿಡ್ 1996ರಿಂದ ಇರುವ ಪ್ರಾಕ್ಸಿ. ಓಪನ್ ಸೋರ್ಸ್, ಅಂದರೆ ಒಳಗಿನ ಕೋಡ್ ಯಾರು ಬೇಕಾದರೂ ನೋಡಿ ಬಳಸಬಹುದು; ಪುಕ್ಕಟೆ, ತಲೆ ಎಣಿಸುವ ಲೈಸೆನ್ಸ್ ಇಲ್ಲ. ಸಂಜೆಯೊಳಗೆ ಕೂತು ಕೆಲಸ ಶುರು ಮಾಡಿತು. ಹೆಸರು ಕೇಳಿ ಕುಂದಾಪುರದ ನಮ್ಮ ಸಹೋದ್ಯೋಗಿ, "ಅದು ಬೊಂಡಾಸ್ ಅಲ್ದಾ, ಮೀನಂಗಡೀಲಿ ಸಿಗುತ್ತೆ" ಅಂದರು. ಅಂದಿನಿಂದ ಅದು ಬೊಂಡಾಸೇ.

ಕೆಲಸ ಮಾಡುತ್ತದೆ ಅನ್ನುವುದು ನಮ್ಮಲ್ಲಿ ಅರ್ಹತೆಯಲ್ಲ. ಸಾಹೇಬರು ಕೇಳಿದ್ದು, "ಎಷ್ಟು?"

"ಏನೂ ಇಲ್ಲ ಸರ್."

"ಏನೂ ಇಲ್ಲ ಅಂದ್ರೆ ಹೇಗ್ರೀ? ಮೂರು ಕೊಟೇಶನ್ ತನ್ನಿ."

ತಂದೆ. ಎರಡು ಅಂಗಡಿಯವರು ಬೊಂಡಾಸ್ ಕೂರಿಸುವುದಕ್ಕೇ ಸಾವಿರಾರು ರೂಪಾಯಿ ಬರೆದುಕೊಟ್ಟಿದ್ದರು. ಮೂರನೆಯದು ನನ್ನದು, ಸೊನ್ನೆ. ತುಲನಾ ಪಟ್ಟಿಯಲ್ಲಿ ಸೊನ್ನೆಯೇ ಎಲ್-ಒನ್, ಅಂದರೆ ಎಲ್ಲಕ್ಕಿಂತ ಕಡಿಮೆ ದರ, ಆಯಿತು. ಲೆಕ್ಕಪತ್ರ ವಿಭಾಗದ ರಾಯರು ಕನ್ನಡಕ ಹಣೆಗೇರಿಸಿದರು. "ಸೊನ್ನೆಗೆ ಚೆಕ್ ಬರೆಯೋದು ಹೇಗೆ? ಟಿಡಿಎಸ್ ಎಷ್ಟು ಹಿಡೀಲಿ? ಕೆಟ್ಟರೆ ಯಾರ ಮೇಲೆ ಕೇಸ್ ಹಾಕೋದು?" ದುಡ್ಡು ಕೊಟ್ಟು ತಂದ ಪ್ರಾಕ್ಸಿಯ ಲೈಸೆನ್ಸಿನಲ್ಲೂ 'ಯಾವ ನಷ್ಟಕ್ಕೂ ನಾವು ಹೊಣೆಯಲ್ಲ' ಅಂತ ಇರುವೆ ಸಾಲಿನಂಥ ಅಕ್ಷರದಲ್ಲಿ ಇತ್ತು. ತೋರಿಸಿದೆ. "ಇರಲಿ, ಅದು ದುಡ್ಡು ಇಸ್ಕೊಂಡು ಹೇಳಿದ್ದು" ಅಂದರು.

ಕೇಂದ್ರ ಸರ್ಕಾರ 2015ರಲ್ಲೇ ಓಪನ್ ಸೋರ್ಸಿಗೆ ಆದ್ಯತೆ ಕೊಡಿ ಅಂತ ತನ್ನ ಇಲಾಖೆಗಳಿಗೆ ನೀತಿ ಮಾಡಿದೆ. ಅದನ್ನೂ ಪ್ರಿಂಟ್ ತೆಗೆದು ಫೈಲಿಗೆ ಲಗತ್ತಿಸಿದೆ. ಸಾಹೇಬರು ಓದಿ, "ಅದು ಸರ್ಕಾರಕ್ಕೆ. ನಮ್ಮಲ್ಲಿ ಶಿಸ್ತಿದೆ" ಅಂತ ಷರಾ ಬರೆದರು. ಬೊಂಡಾಸ್ ಮತ್ತೆ ಬೀರು ಏರಿತು.

2023ರ ನವೆಂಬರ್ 20. ಜಿಎಸ್‌ಟಿಯ 3ಬಿ ರಿಟರ್ನ್‌ಗೆ ಕೊನೆಯ ದಿನ. ಹಳೇ ಪ್ರಾಕ್ಸಿ ಬೆಳಿಗ್ಗೆಯೇ ಮಲಗಿತು. ಆಫ್, ಹತ್ತು, ಆನ್. ಏಳಲಿಲ್ಲ. ಇಪ್ಪತ್ತು ಎಣಿಸಿದರು, ಆಗಲೂ ಏಳಲಿಲ್ಲ. ಸಂಜೆ ನಾಲ್ಕಕ್ಕೆ ರಾಯರು, ಅದೂ ಅಪ್ಪಟ ಸಸ್ಯಾಹಾರಿ ರಾಯರು, ಓಡಿ ಬಂದು ನನ್ನ ಕೈ ಹಿಡಿದುಕೊಂಡರು. "ಆ ಬೊಂಡಾಸ್ ಹಾಕ್ರೀ ಮಾರಾಯ್ರೇ!"

ಹಾಕಿದೆ. 'ತಾತ್ಕಾಲಿಕ ವ್ಯವಸ್ಥೆ' ಅಂತ ಟಿಪ್ಪಣಿ ಆಯಿತು. ಆ ತಾತ್ಕಾಲಿಕ ಇವತ್ತಿಗೂ ನಡೆಯುತ್ತಿದೆ. ತಕರಾರು ಬಂದದ್ದು ಒಂದೇ ಸಲ, ಆಡಿಟ್‌ನವರು ಬೊಂಡಾಸಿನ ಲಾಗ್, ಅಂದರೆ ಯಾರು ಯಾವಾಗ ಎಲ್ಲಿಗೆ ಹೋದರು ಅಂತ ಅದು ಬರೆದಿಡುವ ಪಟ್ಟಿ, ಕೇಳಿದಾಗ. ಸ್ಕ್ವಿಡ್ ಸಮಯವನ್ನು ಗಂಟೆ, ನಿಮಿಷದಲ್ಲಿ ಬರೆಯುವುದಿಲ್ಲ. 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಅಂತ ಬರೆಯುತ್ತದೆ. ಮೊದಲ ಸಾಲಿನ ಸಂಖ್ಯೆಗೆ ಅವರು ಪೆನ್ಸಿಲಿನಲ್ಲಿ ಅಲ್ಪವಿರಾಮ ಹಾಕುತ್ತಾ ಹೋಗಿ ಬಿಳುಚಿಕೊಂಡರು. "ಏನ್ರೀ ಇದು, 170 ಕೋಟಿ ಚಿಲ್ಲರೆ?"

ಹಳೇ ಸರ್ವರನ್ನು ಕಂಡಮ್ ಮಾಡುವಂತಿಲ್ಲ, ಸ್ಟಾಕ್ ರಿಜಿಸ್ಟರಿನಲ್ಲಿದೆ. ಎಎಂಸಿ ಮಾರ್ಚ್‌ವರೆಗೂ ಇತ್ತು. ಹಾಗಾಗಿ ಹೊಸ ಪವರ್ ಸಪ್ಲೈ ಹಾಕಿಸಿ ಅದನ್ನು ಆನ್ ಮಾಡಿಟ್ಟರು. ನೆಟ್‌ವರ್ಕ್ ಕೇಬಲ್ ಮಾತ್ರ ಬೊಂಡಾಸಿನ ಹತ್ತಿರವೇ ಉಳಿಯಿತು. ಇಂಜಿನಿಯರ್ ಬಂದು ಹಸಿರು ದೀಪ ನೋಡಿ, ಸಹಿ ಮಾಡಿ, ಕಾಫಿ ಕುಡಿದು ಹೋಗುತ್ತಿದ್ದರು.

ಮಾರ್ಚ್‌ನಲ್ಲಿ ಅವರ ವರದಿ ಬಂತು: ನಾಲ್ಕು ತಿಂಗಳಲ್ಲಿ ಒಂದು ಸಲವೂ ಹ್ಯಾಂಗ್ ಆಗಿಲ್ಲ. ಸಾಹೇಬರು ಎಎಂಸಿಯನ್ನು ಮೂರು ವರ್ಷಕ್ಕೆ ಮುಂದುವರಿಸಿ, ಫೈಲನ್ನು ನನ್ನ ಕಡೆ ತಳ್ಳಿದರು. "ನೋಡಿದ್ರಾ? ದುಡ್ಡು ಕೊಟ್ಟ ಮಾಲು ಅಂದ್ರೆ ಇದು."