ಬೀಗ ಹಾಕಿದ್ದ ದಿನಕ್ಕೂ ಪೂರ್ತಿ ಫೀ

ಕಟ್ಟಿದೆ. ಮಗಳ ಡೇ ಕೇರ್ ಫೀ, ಪೂರ್ತಿ 5,500. ಒಂದು ರೂಪಾಯಿ ಬಿಡಲಿಲ್ಲ ಅದನ್ನು ನಡೆಸೋ ಪುಣ್ಯಾತ್ಗಿತ್ತಿ.

ದೀಪಾವಳಿ ಎಷ್ಟು ದಿನದ ಹಬ್ಬ ಹೇಳಿ? ನರಕ ಚತುರ್ದಶಿ, ಅಮಾವಾಸ್ಯೆ, ಪಾಡ್ಯ. ಪಾಡ್ಯದ ಮರುದಿನ ಬೆಳಿಗ್ಗೆ ನಮ್ಮ ಕಂಪನಿಯಲ್ಲಿ ಹಾಜರಿ ಹಾಕಲೇಬೇಕು. ಇವರ ಡೇ ಕೇರ್‌ಗೆ ಮಾತ್ರ ವಾರ ದಾಟಿದರೂ ಬೀಗ. "ಮಾವಶಿಗಳು ಊರಿಗೆ ಹೋಗ್ಯಾರ, ಸೋಮವಾರ ಶುರು ಮಾಡತೇವಿ" ಅಂತ ವಾಟ್ಸಾಪ್‌ನಲ್ಲಿ ಒಂದು ಸಾಲು, ಅದರ ಮೇಲೆ ಹಣತೆಯ ಚಿತ್ರ. ಮಾವಶಿ ಅಂದರೆ ಅಲ್ಲಿ ಮಕ್ಕಳನ್ನು ನೋಡಿಕೊಳ್ಳೋ ಆಯಾ. ಮುಗೀತು.

ಗಣಪತಿ ಹಬ್ಬದಲ್ಲಿ ನಾನು ತುಟಿ ಬಿಚ್ಚಿರಲಿಲ್ಲ. ಬೆಳಗಾವಿಯಲ್ಲಿ ಅನಂತ ಚತುರ್ದಶಿಯ ಮೆರವಣಿಗೆ ಶುರುವಾದರೆ ರಾತ್ರಿಯೆಲ್ಲ ನಡೆದು ಮರುದಿನಕ್ಕೆ ಹೋಗುತ್ತದೆ. ರಸ್ತೆ ಬಂದ್, ಡಾಲ್ಬಿ ಸದ್ದು, ಕೂಸನ್ನು ಕರೆದುಕೊಂಡು ಎಲ್ಲಿಂದ ದಾಟೋದು? ಆವತ್ತು ಮುಚ್ಚಿದ್ದು ಸರಿನೇ. ರಾಜ್ಯೋತ್ಸವಕ್ಕೂ ಮುಚ್ಚಲಿ, ಚೆನ್ನಮ್ಮ ಸರ್ಕಲ್ ಕಡೆ ಕಾಲಿಡೋಕೆ ಜಾಗ ಇರುವುದಿಲ್ಲ. ಆದರೆ ಶಾಲೆಯವರ ದಸರಾ ರಜೆಯೂ ಬೇಕು, ದೀಪಾವಳಿಯೂ ಬೇಕು, ಮೇ ತಿಂಗಳಲ್ಲಿ "ಬಣ್ಣ ಹಚ್ಚಸಾಕತ್ತೇವಿ" ಅನ್ನೋ ರಜೆಯೂ ಬೇಕು ಅಂದರೆ? ಅದು ಶಾಲೆ ಅಲ್ಲ ಮಾರಾಯ್ರೇ. ನಾವು ಕೆಲಸಕ್ಕೆ ಹೋಗೋಕೆ ಅಂತಲೇ ಇರೋ ಜಾಗ.

ಆ ಸೋಮವಾರದವರೆಗೆ ನನ್ನ ಅವ್ವ ಬೈಲಹೊಂಗಲದಿಂದ ಬಂದು ಕೂತಳು. ಸೋಯಾ ರಾಶಿ ಅರ್ಧಕ್ಕೆ ಬಿಟ್ಟು, ಮೊಣಕಾಲು ಹಿಡಿದುಕೊಂಡು ಬಸ್ ಹತ್ತಿದಳು. ಅವಳಿಗೆ ಯಾರು ಫೀ ಕೊಡ್ತಾರೆ?

ಇವತ್ತು ಸಂಜೆ ಗೇಟಿನ ಹತ್ತಿರ ನಾನು ಕೇಳಿದ್ದು ಇಷ್ಟೇ. ಮೆಲ್ಲಗೇ ಕೇಳಿದೆ. "ಮೇಡಮ್ಮಾರ, ಬಂದ್ ಇದ್ದ ದಿನದ್ದು ಅರ್ಧ ಆದರೂ ಕಡಿಮಿ ಮಾಡ್ರಿ."

ಆಕೆ ಮೆಲ್ಲಗೆ ಹೇಳಬಹುದಿತ್ತು. ಒಳಗೆ ಕರೆದು ಹೇಳಬಹುದಿತ್ತು. ಇಲ್ಲ. ರಿಜಿಸ್ಟರ್‌ನಿಂದ ತಲೆ ಎತ್ತಿ, ಹಿಂದೆ ನಿಂತ ಎಲ್ಲರಿಗೂ ಕೇಳೋ ಹಾಗೆ, "ಯಾಕ್ರೀ, ನಿಮ್ಮ ಕಂಪನಿಯವರು ಐತವಾರದ ಪಗಾರ ಕಟ್ ಮಾಡ್ತಾರೇನು?" ಅಂದಳು.

ಹಿಂದೆ ಹೆಲ್ಮೆಟ್ ತೋಳಿಗೆ ಸಿಕ್ಕಿಸಿಕೊಂಡು ನಿಂತಿದ್ದ ಒಬ್ಬ ನಕ್ಕ. ಅವನಿಗೂ ಅದೇ ಫೀ ಬೀಳುತ್ತೆ, ಆದರೂ ನಕ್ಕ! ನನ್ನ ಒಂದು ಕೈಯಲ್ಲಿ ಮಗಳ ಬ್ಯಾಗು, ಅದರ ಒಳಗಿನ ಡಬ್ಬಿಯಿಂದ ಮೊಸರನ್ನದ ನೀರು ಸೋರಿ ಮೊಣಕೈವರೆಗೆ ಇಳಿಯುತ್ತಿತ್ತು. ಮಗಳು ಓಢಣಿ ಎಳೆಯುತ್ತಿದ್ದಳು. ಬಾಯಿ ತೆರೆದೆ, ಮಾತು ಬರಲಿಲ್ಲ. ಆಕೆ ಮಾತೇ ಆಡದೆ ಕ್ಯೂಆರ್ ಕೋಡಿನ ಹಲಗೆಯನ್ನು ನನ್ನ ಮುಂದೆ ಹಿಡಿದಳು. ಸ್ಕ್ಯಾನ್ ಮಾಡಿದೆ. ಕೈ ಒದ್ದೆ, ಪಿನ್ ತಪ್ಪಿತು. "ಸ್ವಲ್ಪ ಸರೀರಿ ಅಕ್ಕಾರ" ಅಂತ ಹಿಂದಿನಿಂದ ದನಿ. ಮತ್ತೆ ಒತ್ತಿದೆ. ಮೇಜಿನ ಮೇಲಿದ್ದ ಸ್ಪೀಕರ್ ಡಬ್ಬಿ ಐದು ಸಾವಿರದ ಐನೂರು ರೂಪಾಯಿ ಬಂತು ಅಂತ ಇಡೀ ಓಣಿಗೆ ಸಾರಿತು.

ಈಗ ಒಗ್ಗರಣೆ ಹಾಕುವಾಗ ಒಂದರ ಮೇಲೊಂದು ಉತ್ತರ ಹೊಳೆಯುತ್ತಿವೆ. ಐತವಾರ ಬೇರೆ, ನೀವಾಗಿ ಬೀಗ ಹಾಕಿದ ದಿನ ಬೇರೆ ಅನ್ನಬಹುದಿತ್ತು. ಅನ್ನಲಿಲ್ಲ.

ಬಾಡಿಗೆ ನಿಲ್ಲುವುದಿಲ್ಲ, ಒಪ್ಪಿದೆ. ಕರೆಂಟ್ ಬಿಲ್ಲೂ ಒಪ್ಪಿದೆ. "ಮಾವಶಿಗಳಿಗೆ ಪಗಾರ ಕೊಡಬೇಕಲ್ರಿ" ಅಂತ ಹೋದ ವರ್ಷ ಹೇಳಿದ್ದರು, ಅದನ್ನೂ ನಂಬಿದೆ. ಅವರಿಗಾದರೆ ಸಂತೋಷದಿಂದ ಕೊಡ್ತೀನಿ. ಇವತ್ತು ಮಗಳಿಗೆ ಬೂಟು ಹಾಕುತ್ತಾ ಮಾವಶಿ ಮೆಲ್ಲಗೆ ಅಂದದ್ದು ಕೇಳಿ: "ನಮಗೆಲ್ಲಿ ಪಗಾರ್ರೀ ಅಕ್ಕಾ, ಬಂದಷ್ಟು ದಿನಕ್ಕ ಅಷ್ಟ ಕೊಡ್ತಾರ."

ಹಾಗಾದರೆ ಆ ದುಡ್ಡು ಎಲ್ಲಿ ಹೋಯ್ತು? ಯಾರಾದರೂ ಹೇಳ್ರಪ್ಪ. ಆ ಹೆಲ್ಮೆಟ್‌ನವನಾದರೂ ಹೇಳಲಿ.

ಕೇಳೋಕೆ ನಾನ್ಯಾರು ಅನ್ನಿ. ಉದ್ಯಮಬಾಗ್‌ನಲ್ಲಿ ನಾನು ಮಾಡೋ ಕೆಲಸವೇ ಹಾಜರಿ ಮತ್ತು ಪಗಾರದ ಶೀಟ್. ಹಬ್ಬದ ರಜೆಗೂ ಪಗಾರ ಕೊಡಬೇಕು ಅಂತ ಕರ್ನಾಟಕದಲ್ಲಿ 1963ರಿಂದ ಕಾಯ್ದೆ ಇದೆ. ಆದರೂ ಕಾಂಟ್ರ್ಯಾಕ್ಟ್ ಮಂದಿಯ ರಜೆ ಪಗಾರದ ಕಾಲಂ ಖಾಲಿ ಬಿಡಿ ಅಂತಾರೆ ಸಾಹೇಬರು. ಬಿಡುತ್ತೇನೆ. ಅಲ್ಲಿ ಖಾಲಿ ಬಿಡೋ ಕೈಯೇ ಇಲ್ಲಿ ತುಂಬಿ ಕೊಟ್ಟು ಬಂದಿದೆ! 50 ಜನ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಂಪನಿಯೇ ಮಕ್ಕಳನ್ನು ನೋಡಿಕೊಳ್ಳೋ ವ್ಯವಸ್ಥೆ ಮಾಡಬೇಕು ಅಂತ 2017ರಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆಗೆ ತಿದ್ದುಪಡಿಯೂ ಬಂತು. ನಮ್ಮ ರಿಜಿಸ್ಟರ್ ಯಾವತ್ತೂ 50 ಮುಟ್ಟುವುದಿಲ್ಲ. ಹೇಗೆ ಮುಟ್ಟುವುದಿಲ್ಲ ಅಂತ ನನ್ನನ್ನು ಕೇಳಬೇಡಿ.

ಹಳ್ಳಿಯಲ್ಲಾದರೆ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರ ಮಕ್ಕಳಿಗೆ ಪಂಚಾಯಿತಿಯ ಕೂಸಿನ ಮನೆ ಇದೆ. ನಾವು ಕಾರ್ಪೊರೇಷನ್ ಹದ್ದಿನವರು. ಅಂಗನವಾಡಿ ಶಾಲೆಗೆ ಮೂರು ವರ್ಷ ತುಂಬಬೇಕು, ಮಗಳಿಗೆ ಇನ್ನೂ ಎರಡು.

ನಮ್ಮ ಮನೆಯವರು "ಹೋಗ್ಲಿ ಬಿಡು, ಎಲ್ಲಾ ಕಡೆ ಹಂಗ" ಅಂತಾರೆ. ಅವರು ಒಂದು ದಿನವೂ ಆ ಗೇಟಿನಲ್ಲಿ ನಿಂತಿಲ್ಲ. ಬರೋ ತಿಂಗಳು ಅವರನ್ನೇ ಕಳಿಸ್ತೀನಿ. ಕಳಿಸಿದರೆ ನಗುತ್ತಾ ಕಟ್ಟಿ, ಮೇಡಮ್ಮಾರಿಗೆ ನಮಸ್ಕಾರ ಮಾಡಿ ಬರ್ತಾರೆ, ಅದು ಬೇರೆ.

ಟಿಳಕವಾಡಿ, ಅನಗೋಳ ಕಡೆ ಮುಚ್ಚಿದ ದಿನಕ್ಕೆ ದುಡ್ಡು ತಗೊಳ್ಳದ ಡೇ ಕೇರ್ ಇದ್ದರೆ ಹೇಳಿ. ಬೆಳಿಗ್ಗೆ ಒಂಬತ್ತರ ಒಳಗೆ ತೆರೆಯಬೇಕು. ಅಥವಾ ಬೇಡ ಬಿಡಿ. ಈ ಮಾವಶಿ ಇಲ್ಲದೆ ನನ್ನ ಮಗಳು ಮಧ್ಯಾಹ್ನ ಮಲಗುವುದಿಲ್ಲ. ಅದು ಆ ಮೇಡಮ್ಮಿಗೂ ಚೆನ್ನಾಗಿ ಗೊತ್ತು.