ಟೇಕ್‌ಡೌನ್ ಕೊಳ್ಳುವ ಮುನ್ನ ಜೋಡಣೆ ನೋಡಿ
ಟೇಕ್‌ಡೌನ್ (ಎರಡು ಭಾಗವಾಗಿ ಕಳಚಿ ಒಯ್ಯಬಹುದಾದ) ಲಿವರ್ ರೈಫಲ್ಲೇ, ಅಂದರೆ ಟ್ರಿಗರ್ ಬಳಿಯ ಹಿಡಿಕೆ ಎಳೆದು ತೋಟಾ ಏರಿಸುವ ರೈಫಲ್ಲೇ, ಎಲ್ಲರಿಗೂ ಒಳ್ಳೆಯದು ಎಂದು ಒಂದು ಲೇಖನ ಹೇಳುತ್ತದೆ; ಆ ಮಾತು ಒಪ್ಪಲಾರೆ. ದೋಣಿ, ವಿಮಾನದ ಪ್ರಯಾಣವಿಲ್ಲದವರಿಗೆ ಸ್ಥಿರ ಬ್ಯಾರಲ್ಲೇ ವಾಸಿ. ಹಳೆಯ ವಿಂಚೆಸ್ಟರ್ 1894 ಟೇಕ್‌ಡೌನ್‌ನಲ್ಲಿ ತೋಟಾಗಳನ್ನೆಲ್ಲ ತೆಗೆದು, ಲಿವರ್ ತೆರೆದು, ಮ್ಯಾಗಜಿನ್ ಕೊಳವೆಯನ್ನು (ಬ್ಯಾರಲ್ ಕೆಳಗೆ ತೋಟಾ ಸಾಲಾಗಿ ತುಂಬುವ ಕೊಳವೆ) ತಿರುಗಿಸಿ ಮುಂದಕ್ಕೆಳೆದು, ಬ್ಯಾರಲ್ಲನ್ನು ಕಾಲು ಸುತ್ತು ತಿರುಗಿಸಿದರೆ ಕಳಚುತ್ತದೆ. ಕೊಳ್ಳುವಾಗ ಜೋಡಿಸಿ, ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿ. ಚೂರು ಅಲ್ಲಾಡಿದರೂ ಜೋಡಣೆ ಸಡಿಲವಾಗಿದೆ ಎಂದರ್ಥ. ಆಗ ಕಾಲರ್‌ನ (ಬ್ಯಾರಲ್ ಕೂಡುವಲ್ಲಿನ ಬಳೆ) ಹೊಂದಾಣಿಕೆ ಸ್ಕ್ರೂಗಳನ್ನು ಗನ್‌ಸ್ಮಿತ್ (ಬಂದೂಕು ರಿಪೇರಿಗಾರ) ಕೈಯಲ್ಲಿ ಸರಿಮಾಡಿಸಿ. ಸ್ಕೋಪ್ (ಗುರಿ ದುರ್ಬೀನು) ರಿಸೀವರ್, ಅಂದರೆ ಬ್ಯಾರಲ್ ಹಿಂದಿನ ಯಂತ್ರಭಾಗದ ಮೇಲಿದ್ದರೆ ಪ್ರತಿ ಜೋಡಣೆಯ ನಂತರ ಗುರಿ ಪರೀಕ್ಷಿಸಲೇಬೇಕು. ಬ್ರೌನಿಂಗ್ ಬಿಎಲ್‌ಆರ್ ಟೇಕ್‌ಡೌನ್‌ಗೆ ಬ್ಯಾರಲ್ ಮೇಲೇ ಸ್ಕೋಪ್ ಕೂರಿಸುವ ಬೇಸ್ ಉಂಟು. ಅದರದು ಪೆಟ್ಟಿಗೆ ಮ್ಯಾಗಜಿನ್, ಚೂಪು ಗುಂಡೂ ನಡೆಯುತ್ತದೆ. ಕೊಳವೆ ಮ್ಯಾಗಜಿನ್‌ನಲ್ಲಿ ಚೂಪು ಗುಂಡು ಬೇಡ: ಗಟ್ಟಿ ಚೂಪು ತುದಿ ಮುಂದಿನ ತೋಟಾದ ಪ್ರೈಮರ್‌ಗೆ (ತೋಟಾದ ಹಿಂಬದಿಯ ಕಿಡಿಮದ್ದು) ತಾಗಿ, ರೈಫಲ್ ಒದ್ದಾಗ ಸಿಡಿಯಬಹುದು.