70 ಅಡಿ ದಡಕ್ಕೆ ಒಂದೇ ದೋಣಿ

ಶನಿವಾರದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅಂಗೈ ಇನ್ನೂ ಉರಿಯುತ್ತಿದೆ.

ನಾವು ಮೂರು ಮನೆಯವರು ಸೇರಿ ಥೇಮ್ಸ್ ನದಿಯಲ್ಲಿ ಒಂದು ಹಳೇ ದೋಣಿ ಇಟ್ಟುಕೊಂಡಿದ್ದೇವೆ. 22 ಅಡಿ ಉದ್ದ. ಈ ವಾರ ನಮ್ಮ ಸರದಿ. ಊರಿಂದ ಅಮ್ಮ ಬಂದಿದ್ದಾರೆ, ಅವರನ್ನು ಒಂದು ರಾತ್ರಿ ನದಿ ಮೇಲೆ ಮಲಗಿಸಬೇಕು ಅಂತ ನನಗೆ ಎಷ್ಟೋ ದಿನದ ಆಸೆ. ಬೋರ್ನ್ ಎಂಡ್‌ನಿಂದ ಹೊರಟು ಮೇಲ್ಮುಖವಾಗಿ ಮಾರ್ಲೋ, ಟೆಂಪಲ್, ಹರ್ಲಿ, ಮೂರೂ ಲಾಕ್ ದಾಟಿದೆವು. ಲಾಕ್ ಅಂದರೆ ನೀರಿನ ಮಟ್ಟ ಬದಲಾಗುವ ಕಡೆ ದೋಣಿಯನ್ನು ಏರಿಸಿ ಇಳಿಸುವ, ಎರಡೂ ತುದಿಗೆ ಗೇಟಿರುವ ಕಟ್ಟೆ. ಹಿಂದೆ ಗೇಟು ಮುಚ್ಚಿ, ನೀರು ತುಂಬಿ, ದೋಣಿ ನಿಧಾನಕ್ಕೆ ಮೇಲೇಳುವಾಗ ಅಮ್ಮ ಮಗುವಿನ ಹಾಗೆ ಗೋಡೆ ನೋಡುತ್ತಾ ಕೂತಿದ್ದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಹರ್ಲಿ ದಾಟಿದ ಮೇಲೆ ಒಂದು ಸಣ್ಣ ನಡುಗಡ್ಡೆ. ನಮ್ಮ ಉಡುಪಿ ಕಡೆ ಕುದುರು ಅಂತೀವಲ್ಲ, ಅಂಥದ್ದೇ. ರಸ್ತೆ ಇಲ್ಲ, ಮನೆ ಇಲ್ಲ. ವಿಲ್ಲೋ ಮರಗಳ ಕೊಂಬೆ ನೀರಿಗೆ ತಾಗುತ್ತೆ, ಸಂಜೆಗೆ ಮಿಂಚುಳ್ಳಿ ಬರುತ್ತೆ. ದೋಣಿ ಕಟ್ಟೋಕೆ ಇರುವ ದಡ ಸುಮಾರು 70 ಅಡಿ. 24 ಗಂಟೆ ಮಾತ್ರ ಅಂತ ಬೋರ್ಡ್ ಇದೆ. ಸರಿಯಾಗಿ ಕಟ್ಟಿದರೆ ನಮ್ಮಂಥ ಮೂರು ದೋಣಿ ಹಿಡಿಸುತ್ತೆ.

ಏಳು ಗಂಟೆಗೆ ಅಲ್ಲಿಗೆ ಹೋದರೆ, 40 ಅಡಿಯ ಒಂದು ದೊಡ್ಡ ಬಿಳಿ ದೋಣಿ ಸರಿಯಾಗಿ ನಟ್ಟನಡುವೆ ನಿಂತಿದೆ. ಮುಂದೆ 15 ಅಡಿ, ಹಿಂದೆ 15 ಅಡಿ ಖಾಲಿ. ಎರಡೂ ಯಾರಿಗೂ ಉಪಯೋಗಕ್ಕಿಲ್ಲ. ಅದೇ ದೋಣಿ ಒಂದು ತುದಿಗೆ ಸರಿದಿದ್ದರೆ ಇನ್ನೊಂದು ಕಡೆ 30 ಅಡಿ ಸಿಗುತ್ತಿತ್ತು. ನಾವು ಆರಾಮಾಗಿ ಕಟ್ಟಬಹುದಿತ್ತು. ಇದಕ್ಕೆ ದೊಡ್ಡ ಲೆಕ್ಕ ಬೇಕಾ? ದಡದ ಮೇಲೆ ಅವರದೇ ನಾಲ್ಕು ಕುರ್ಚಿ, ಮೇಜು, ಒಲೆ. ಎರಡು ಮರದ ನಡುವೆ ಟವೆಲ್ ಒಣಹಾಕಿದ್ದರು.

ನನ್ನ ಗಂಡ ಎಂಜಿನ್ ಹತ್ತಿರ ನಿಂತರು. ನಾನು ಹಗ್ಗ ಹಿಡಿದು ದಡಕ್ಕೆ ಹಾರಿದೆ. ದೋಣಿಯ ಮುಂಭಾಗ ಮಾತ್ರ ಆ 15 ಅಡಿಯೊಳಗೆ, ಹಿಂಭಾಗ ಹೊಳೆಗೆ ಚಾಚಿಕೊಂಡಿತ್ತು. ನೀರಿನ ಸೆಳೆತಕ್ಕೆ ಒದ್ದೆ ಹಗ್ಗ ಅಂಗೈಯಲ್ಲಿ ಇಂಚಿಂಚೇ ಜಾರುತ್ತಿತ್ತು. ಹಾಗೇ ನಿಂತು ಕೇಳಿದೆ: ದಯವಿಟ್ಟು ಸ್ವಲ್ಪ ಹಿಂದಕ್ಕೆ ಸರಿಸುತ್ತೀರಾ, ನಾವೇ ನಿಮ್ಮ ಹಗ್ಗ ಹಿಡಿದು ಎಳೆಯುತ್ತೇವೆ, ನೀವು ಎಂಜಿನ್ ಶುರು ಮಾಡೋದೂ ಬೇಡ. ಬಿಳಿ ದೋಣಿಯಾತ ಕುರ್ಚಿಯಿಂದ ಏಳಲೇ ಇಲ್ಲ. "ಎಲ್ಲ ಕಟ್ಟಿ ಆಯ್ತು, ಈಗ ಬಿಚ್ಚೋಕಾಗಲ್ಲ. ಮುಂದೆ ಬೇಕಾದಷ್ಟು ಜಾಗ ಇದೆ" ಅಂದ. ಹಾಗಾದರೆ ನಿಮ್ಮ ದೋಣಿಯ ಪಕ್ಕಕ್ಕೇ ಕಟ್ಟಿಕೊಳ್ಳಲಾ ಅಂದೆ. ಜಾಗ ಕಡಿಮೆ ಇದ್ದಾಗ ಒಂದರ ಪಕ್ಕ ಒಂದು ಕಟ್ಟೋದು ಇಲ್ಲಿ ಹೊಸದೇನಲ್ಲ. "ಬಣ್ಣ ಕೆರೆಯುತ್ತೆ" ಅಂದ. ದೋಣಿಗೆ ದೋಣಿ ಉಜ್ಜದ ಹಾಗೆ ತಡೆಯುವ ಆರು ರಬ್ಬರ್ ಫೆಂಡರ್ ನಮ್ಮ ಪಕ್ಕಕ್ಕೆ ನೇತಾಡುತ್ತಿದ್ದವು, ಅವನ ಕಣ್ಣೆದುರಿಗೇ.

ಮುಂದೆ ಎಲ್ಲಿದೆ ಜಾಗ? ಥೇಮ್ಸ್ ನೀರಿನ ಮೇಲೆ ಓಡಾಡೋಕೆ ಎಲ್ಲರಿಗೂ ಹಕ್ಕಿದೆ, ನಿಜ. ದಡ ಮಾತ್ರ ಒಬ್ಬೊಬ್ಬರ ಆಸ್ತಿ. ಹುಲ್ಲುಹಾಸು ನೀರಿನ ತನಕ ಇಳಿದಿರುತ್ತೆ, ತುದಿಯಲ್ಲಿ 'ಖಾಸಗಿ ಜಾಗ, ದೋಣಿ ಕಟ್ಟಬೇಡಿ' ಅಂತ ಫಲಕ. ಅದು ಮುಗಿದರೆ ಇನ್ನೊಂದು ಮನೆ, ಇನ್ನೊಂದು ಫಲಕ. ಕೆಲವು ಹೊಲದವರು ದುಡ್ಡು ತಗೊಂಡು ಬಿಡುತ್ತಾರೆ, ಅವು ಬೇಸಿಗೆಯ ಶನಿವಾರ ಮಧ್ಯಾಹ್ನಕ್ಕೇ ತುಂಬಿರುತ್ತವೆ. ನದಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯವರು ದೋಣಿಯ ಉದ್ದಗಲ ಗುಣಿಸಿ ವರ್ಷದ ಶುಲ್ಕ ಹಾಕುತ್ತಾರೆ, ಅದನ್ನು ನಾವೂ ಕಟ್ಟುತ್ತೇವೆ. ಅವನು ಜಾಸ್ತಿ ಕಟ್ಟಿರಬಹುದು. ಆದರೆ ಆ ದುಡ್ಡಿಗೆ ಇಡೀ ದಡ ಬರೆದುಕೊಟ್ಟಿಲ್ಲ. ಹೀಗೆ ಉಳಿದಿರುವ, ಎಲ್ಲರಿಗೂ ಸೇರಿದ ಇಷ್ಟೇ ಇಷ್ಟು ದಡವನ್ನು ಒಬ್ಬನೇ ಕಾಲು ಚಾಚಿ ಹಿಡಿದುಕೊಂಡರೆ ಹೊಟ್ಟೆ ಉರಿಯಲ್ವಾ? ಊರಿನ ಕಡವಿನಲ್ಲಿ ನನ್ನ ಅಜ್ಜ ಹೊರೆ ಇಳಿಸಿದ ತಕ್ಷಣ ದೋಣಿಯನ್ನು ಪಕ್ಕಕ್ಕೆ ತಳ್ಳುತ್ತಿದ್ದರು. ಹಿಂದೆ ಬರುವವನು ಯಾರು ಅಂತ ಗೊತ್ತಿರಬೇಕಿರಲಿಲ್ಲ, ಬರುತ್ತಾನೆ ಅಂತ ಗೊತ್ತಿದ್ದರೆ ಸಾಕಿತ್ತು.

ಅಮ್ಮ "ಬಿಡು ಮಗಾ, ಹೋಗುವ" ಅಂದರು. ಹೊರಟೆವು. ಹ್ಯಾಂಬಲ್ಡನ್ ಲಾಕ್ ತನಕ ಹೋಗೋಣ ಅಂದರೆ ಲಾಕ್ ಕೀಪರ್ ಡ್ಯೂಟಿ ಮುಗಿದ ಹೊತ್ತು, ಬೆಳಕೂ ಇಳಿಯುತ್ತಿತ್ತು. ಕೊನೆಗೆ ಫಲಕ ಇಲ್ಲದ ಒಂದು ಕೆಸರು ದಡ ಸಿಕ್ಕಿತು. ಮೊಣಕಾಲೆತ್ತರ ತುರಿಕೆ ಗಿಡ. ಅದರ ನಡುವೆ ನಿಂತು ಸುತ್ತಿಗೆಯಿಂದ ಎರಡು ಕಬ್ಬಿಣದ ಗೂಟ ಹೊಡೆದು ಕಟ್ಟಿದೆವು. ಅಮ್ಮನಿಗೆ ಕೆಳಗೆ ಇಳಿಯೋಕೂ ಆಗಲಿಲ್ಲ. ಬೆಳಗ್ಗೆ ಆರಕ್ಕೆ ಯಾರೋ ದೋಣಿಯನ್ನು ಜೋರಾಗಿ ಓಡಿಸಿಕೊಂಡು ಹೋದರು. ಇಲ್ಲಿ ಮಿತಿ ಗಂಟೆಗೆ 8 ಕಿಲೋಮೀಟರ್, ಚುರುಕಾಗಿ ನಡೆಯುವಷ್ಟು ವೇಗ. ಅವರು ಅದರ ಎರಡರಷ್ಟಾದರೂ ಇದ್ದರು. ಅಲೆ ಎಳೆದ ಎಳೆತಕ್ಕೆ ಮುಂದಿನ ಗೂಟ ಕೆಸರಿನಿಂದ ಕಿತ್ತು ಬಂತು. ಅಮ್ಮ ಮಂಚದಿಂದ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

ವಾಪಸ್ ಬರುವಾಗ ಹನ್ನೊಂದು ಗಂಟೆ. ಬಿಳಿ ದೋಣಿ ಅಲ್ಲೇ, ನಟ್ಟನಡುವೆ. ಟವೆಲ್ ಇನ್ನೂ ಹಾಗೇ ಇತ್ತು. ಅದರ ಮುಂದೆ ವಯಸ್ಸಾದ ಗಂಡ ಹೆಂಡತಿ ಒಂದು ಪುಟ್ಟ ದೋಣಿಯಲ್ಲಿ ಸುತ್ತು ಹಾಕುತ್ತಿದ್ದರು. ಆಕೆ ಮುಂದೆ ನಿಂತು, ಕೊಕ್ಕೆ ಕೋಲನ್ನು ದಡದ ಕಡೆ ಚಾಚಿ ಆ ಖಾಲಿ ಜಾಗ ಅಳೆಯುತ್ತಿದ್ದರು.